ಅರಿವಿನ ಪಾಲು

ಕರಾವಳಿಯ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ಚೆನ್ನೈಯ ಕನ್ನಡಿಗರ ಇಂಥ ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಕವಿಗಳನ್ನೋ ವಿಮರ್ಶಕರನ್ನೋ ಕರೆಯುತ್ತಾರೆ. ನೀವು ಗ್ರಂಥಪಾಲಕನನ್ನು ಕರೆದಿದ್ದೀರಿ.

ಮಂಗಳೂರು ಮೇಲಿನಲ್ಲಿ ಬಂದು ಇವತ್ತು ಬೆಳಗಿನ ಜಾವ ಸೆಂಟ್ರಲ್‌ನಲ್ಲಿ ಇಳಿದೆ. ಕಾಫಿ ಕುಡಿದು ನೇರವಾಗಿ ಚೆಟ್‌ಪೇಟೆಗೆ ಹೋದೆ. ಮೇಯರ್ ಸತ್ಯಮೂರ್ತಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆಯ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತು, ಆಮೇಲೆ ನೀವು ಗೊತ್ತುಮಾಡಿದ ಕೋಣೆಗೆ ಬಂದೆ. ಅಲ್ಲಿ ಯಾಕೆ ನಿಂತೆ ಎಂದು ಹೇಳಿದರೆ ಈ ದಿನದ ನನ್ನ ಮಾತಿನ ಅರ್ಧ ಮುಗಿದ ಹಾಗೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಷಯ ಬಂತೆಂದರೆ ಸ್ಯಾನಟೋರಿಯಂ ಎಂದೇ ಅರ್ಥ. ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ತಿಂಗಳುಗಟ್ಟಲೆ ವಿಶ್ರಾಂತಿ. ಆದರೆ ದೇಶದಲ್ಲಿದ್ದ ಹಾಸಿಗೆಗಳು ರೋಗಿಗಳ ಸಂಖ್ಯೆಯ ಮುಂದೆ ಏನೇನೂ ಸಾಲುತ್ತಿರಲಿಲ್ಲ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿಕೊಂಡು ಚೆಟ್‌ಪೇಟೆಯಲ್ಲಿ ಒಂದು ಕೇಂದ್ರ ತೆರೆದವು. ಬೆಳಿಗ್ಗೆ ನಾನು ಎದುರು ನಿಂತ ಸಂಸ್ಥೆಯ ಮೂಲ ಅದೇ. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರು ಅದರ ಮುಂದಾಳು. ಈ ಊರಿನ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿ ಇಟ್ಟರು. ಇನ್ನೊಂದು ಗುಂಪಿನವರು ತಮ್ಮ ಇಕ್ಕಟ್ಟಿನ ಮನೆಗಳಲ್ಲೇ ಉಳಿದರು. ಎರಡು ಗುಂಪಿಗೂ ಒಂದೇ ಔಷಧ: ಐಸೋನಿಯಾಜಿಡ್ ಮತ್ತು ಪಿಎಎಸ್, ಒಂದು ವರ್ಷ. ಮನೆಯಲ್ಲಿದ್ದವರಿಗೆ ಊಟ ಕಡಿಮೆ, ವಿಶ್ರಾಂತಿ ಕಡಿಮೆ, ಗಾಳಿ ಬೆಳಕೂ ಕಡಿಮೆ. ಹಾಗಿದ್ದೂ ಅವರು ಹೆಚ್ಚುಕಡಿಮೆ ಸ್ಯಾನಟೋರಿಯಂನವರಷ್ಟೇ ಚೆನ್ನಾಗಿ ಗುಣವಾದರು. ಮನೆಯ ಉಳಿದವರಿಗೂ ಅದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. 1959ರಲ್ಲಿ ವರದಿ ಅಚ್ಚಾಯಿತು. ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಲು ಕಾರಣವಾದ ಬರಹಗಳಲ್ಲಿ ಅದೂ ಒಂದು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಕ್ಷಯದ ಚಿಕಿತ್ಸೆ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ, ಅಲ್ಲಿಂದ ಹಳ್ಳಿಗಳಿಗೆ ಇಳಿದದ್ದು ಈ ದಾರಿಯಲ್ಲಿ.

ಆ ವರದಿ ಪ್ರಕಟವಾದದ್ದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ. ಇವತ್ತು ಈ ಸಭೆಯಲ್ಲಿ ಯಾರಾದರೂ ತಮ್ಮ ಮೊಬೈಲಿನಲ್ಲಿ ಹುಡುಕಿದರೆ, ಒಂದು ರೂಪಾಯಿಯನ್ನೂ ಕೊಡದೆ, ಆ ತೊಂಬತ್ತಕ್ಕೂ ಹೆಚ್ಚು ಪುಟಗಳನ್ನು ಓದಬಹುದು. ಗೇಟಿನ ಎದುರು ನಿಂತಾಗ ನನಗೆ ಅನಿಸಿದ್ದು ಇಷ್ಟೆ. ಆ ಪುಟಗಳನ್ನು ಬರೆದವರು ವೈದ್ಯರು. ಆದರೆ ಬರೆಯಲು ಬೇಕಾದದ್ದನ್ನು ಕೊಟ್ಟವರು ತಿಂಗಳು ತಿಂಗಳೂ ಕಫ ಕೊಟ್ಟ, ಎಕ್ಸ್‌ರೇಗೆ ನಿಂತ ಈ ಊರಿನ ರೋಗಿಗಳು. ವೈದ್ಯಕೀಯ ಜ್ಞಾನದ ಮೊದಲ ಬಂಡವಾಳ ರೋಗಿಯ ಮೈ. ಹಾಗಾಗಿ ಅದರ ಪಾಲು ರೋಗಿಯ ಹಾಸಿಗೆಯವರೆಗೆ ಹಿಂದಿರುಗಬೇಕು ಎಂಬುದು ನನ್ನ ನಂಬಿಕೆ.

ಎಲ್ಲ ಬರಹಗಳಿಗೂ ಆ ಅದೃಷ್ಟ ಇರುವುದಿಲ್ಲ. ನನ್ನ ಅನುಭವದ ಒಂದು ಪ್ರಸಂಗ ಹೇಳುತ್ತೇನೆ.

ಹದಿನೈದು ವರ್ಷಕ್ಕೂ ಹಿಂದಿನ ಮಾತು, ಮಳೆಗಾಲ. ಘಟ್ಟದ ಮೇಲಿನ ತಾಲ್ಲೂಕು ಆಸ್ಪತ್ರೆಯ ಒಬ್ಬ ಯುವ ವೈದ್ಯರು ಬಸ್ಸು ಹತ್ತಿ ನಮ್ಮ ಗ್ರಂಥಾಲಯಕ್ಕೆ ಬಂದರು. ಅಡಿಕೆ ತೋಟದಲ್ಲಿ ಕೆಲಸ ಮಾಡುವಾಗ ಹಾವು ಕಚ್ಚಿಸಿಕೊಂಡ ಒಬ್ಬ ರೋಗಿ ಅವರ ಕೈಯಲ್ಲಿದ್ದ. ಎಷ್ಟು ವೈಲ್ ವಿಷನಿರೋಧಕ ಹಾಕಿದರೂ ರಕ್ತ ಹೆಪ್ಪುಗಟ್ಟುತ್ತಿರಲಿಲ್ಲ, ಮೂತ್ರ ಕಡಿಮೆಯಾಗುತ್ತಿತ್ತು. ರೋಗಿಯನ್ನು ಮಂಗಳೂರಿಗೆ ಡಯಾಲಿಸಿಸ್‌ಗೆ ಸಾಗಿಸಿ, ಅದೇ ಬಸ್ಸಿನ ದಾರಿಯಲ್ಲಿ ಅವರು ನನ್ನ ಬಳಿ ಬಂದಿದ್ದರು. ಕೇರಳದ ವೈದ್ಯರು ತಮ್ಮ ರೋಗಿಗಳ ಬಗ್ಗೆ 2007ರಲ್ಲಿ ಬರೆದ ಒಂದು ಪ್ರಬಂಧದ ಸಾರಾಂಶ ಅವರಿಗೆ ಎಲ್ಲೋ ಸಿಕ್ಕಿತ್ತು. ಮೂಗಿನ ತುದಿ ಮೇಲೆದ್ದ, ಪಶ್ಚಿಮ ಘಟ್ಟದಲ್ಲಿ ಕಾಣುವ ಸಣ್ಣ ಗುಳಿಮಂಡಲವೊಂದು ಕಚ್ಚಿದರೂ ಹೀಗೇ ಆಗುತ್ತದೆ, ನಮ್ಮ ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಅದಕ್ಕೆ ನಾಟುವುದಿಲ್ಲ ಎಂದು ಅದರಲ್ಲಿತ್ತು. ಅವರಿಗೆ ಬೇಕಾದದ್ದು ಪೂರ್ತಿ ಪ್ರಬಂಧ. ಜರ್ನಲ್ ನಮ್ಮ ಕಂಪ್ಯೂಟರಿನಲ್ಲಿ ಇತ್ತು. ನಾನು ಕೊಡಲಿಲ್ಲ. ನಮ್ಮ ಒಪ್ಪಂದದ ಪ್ರಕಾರ ಕಾಲೇಜಿನ ವಿದ್ಯಾರ್ಥಿಗಳು ಮತ್ತು ಸಿಬ್ಬಂದಿ ಮಾತ್ರ ಓದಬಹುದು ಎಂದು ತಿಳಿಸಿ, ಲೇಖಕರಿಗೆ ಮಿಂಚಂಚೆ ಬರೆಯಲು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಸರಿ ಸಾರ್" ಎಂದು ಒದ್ದೆ ಕೊಡೆ ಎತ್ತಿಕೊಂಡು ಹೋದರು. ರೋಗಿ ಬದುಕಿದ ಎಂದು ಆಮೇಲೆ ತಿಳಿಯಿತು. ಆ "ಸರಿ ಸಾರ್" ಮಾತ್ರ ನನ್ನನ್ನು ಬಿಡಲಿಲ್ಲ.

ಆ ವರ್ಷ ಒಪ್ಪಂದ ನವೀಕರಿಸುವ ಮೊದಲು ನಾನು ಅದನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಬೆಲೆಯ ಪುಟವೊಂದನ್ನೇ. ಗ್ರಂಥಾಲಯದ ಒಳಗೆ ಬಂದು ಕೂತ ಯಾವ ಓದುಗರೂ ಜರ್ನಲ್ ಓದಬಹುದು, ಸರಕಾರಿ ಆಸ್ಪತ್ರೆಯ ವೈದ್ಯರಿಗೆ ಒಂದೊಂದು ಪ್ರಬಂಧದ ಪ್ರತಿ ಕೊಡಬಹುದು ಎಂದು ಎರಡು ಸಾಲು ಸೇರಿಸಿ ಎಂದು ಪ್ರಕಾಶಕರಿಗೆ ಕಾಗದ ಬರೆದೆ. ಜಗಳಕ್ಕೆ ಸಿದ್ಧನಾಗಿದ್ದೆ. ಎರಡು ವಾರದೊಳಗೆ ಒಪ್ಪಿಗೆ ಬಂತು. ಅವರ ಪ್ರತಿನಿಧಿ ಫೋನಿನಲ್ಲಿ ಹೇಳಿದ ಮಾತು: "ಇದನ್ನು ನಮ್ಮ ಹತ್ತಿರ ಯಾರೂ ಕೇಳಿರಲಿಲ್ಲ."

ನನ್ನ ಉಪನ್ಯಾಸದ ತಿರುಳು ಈ ಮಾತಿನಲ್ಲಿದೆ. ಪ್ರಕಾಶಕರನ್ನು ದೂರುವುದು ಸುಲಭ, ದೂರಲು ಕಾರಣಗಳೂ ಇವೆ. ಆದರೆ ಅರಿವು ಯಾರಿಗೆ ಸಿಗಬೇಕು ಎಂದು ತೀರ್ಮಾನವಾಗುವುದು ಗ್ರಂಥಪಾಲಕ ಮತ್ತು ಪ್ರಕಾಶಕ ಸಹಿ ಹಾಕುವ ಆ ಹಾಳೆಗಳಲ್ಲಿ. ನಾವು ಅದನ್ನು ಓದದೆ ಸಹಿ ಹಾಕಿದರೆ, ಹೊರಗೆ ಉಳಿದವರ ಪರವಾಗಿ ಮಾತಾಡಲು ಆ ಮೇಜಿನ ಬಳಿ ಬೇರೆ ಯಾರೂ ಇರುವುದಿಲ್ಲ.

ಮಾತಾಡಿದವರು ಇದ್ದಾರೆ. ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಗ್ರಂಥಪಾಲಕಿಯಾಗಿದ್ದ ಬಾರ್ಬರಾ ಅರಾನ್ಸನ್ ಮತ್ತು ಬಿಎಂಜೆ ಪ್ರಕಾಶನದ ಮಾರಿಸ್ ಲಾಂಗ್ ಸೇರಿ ಆರು ದೊಡ್ಡ ಪ್ರಕಾಶಕರನ್ನು ಒಪ್ಪಿಸಿದರು. 2002ರ ಜನವರಿಯಲ್ಲಿ ಹಿನಾರಿ ಎಂಬ ಯೋಜನೆ ಶುರುವಾಯಿತು. ಬಡ ದೇಶಗಳ ವೈದ್ಯಕೀಯ ಕಾಲೇಜುಗಳಿಗೆ ಸುಮಾರು 1,500 ಜರ್ನಲ್‌ಗಳು ಉಚಿತವಾದವು. ಒಬ್ಬ ಗ್ರಂಥಪಾಲಕಿ, ಒಬ್ಬ ಪ್ರಕಾಶಕ ಮನಸ್ಸು ಮಾಡಿದರೆ ಎಷ್ಟಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. ಆದರೆ ಭಾರತಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ. ತಲಾ ಆದಾಯದ ಲೆಕ್ಕದಲ್ಲಿ ನಮಗೆ ಅರ್ಹತೆಯಿತ್ತು. ಇಲ್ಲಿ ಆಗಲೇ ದುಡ್ಡು ಕೊಡುವ ಗಿರಾಕಿಗಳು ಇದ್ದಾರೆ ಎಂಬ ಕಾರಣಕ್ಕೆ ಪ್ರಕಾಶಕರು ನಮ್ಮನ್ನು ಹೊರಗಿಟ್ಟರು. ದೆಹಲಿಯ ದೊಡ್ಡ ಸಂಸ್ಥೆ ಚಂದಾ ಕಟ್ಟುತ್ತದೆ ಎಂದು ಚಿತ್ರದುರ್ಗದ ನರ್ಸಿಂಗ್ ಕಾಲೇಜು ಬಾಗಿಲ ಹೊರಗೆ ನಿಂತ ಹಾಗಾಯಿತು. ಇದು ಅನ್ಯಾಯವೆಂದೇ ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ದಯೆಯಿಂದ ಕೊಟ್ಟದ್ದನ್ನು ಹಿಂದಕ್ಕೂ ಪಡೆಯಬಹುದು ಎಂಬುದನ್ನು 2011ರ ಜನವರಿಯಲ್ಲಿ ಬಾಂಗ್ಲಾದೇಶ ಕಂಡಿತು. ಕೆಲವು ಪ್ರಕಾಶಕರು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜರ್ನಲ್‌ಗಳನ್ನು ನಿಲ್ಲಿಸಿದರು. ಲೋಕದ ವೈದ್ಯರೆಲ್ಲ ದನಿಯೆತ್ತಿದ ಮೇಲೆ ಮತ್ತೆ ತೆರೆದರು.

ಬಾಗಿಲು ಮುಚ್ಚಿದ್ದರ ಬೆಲೆ ಏನು? 2015ರಲ್ಲಿ ಲೈಬೀರಿಯಾದ ಆರೋಗ್ಯಾಧಿಕಾರಿಗಳು ಅಮೆರಿಕದ ಪತ್ರಿಕೆಯೊಂದರಲ್ಲಿ ನೋವಿನಿಂದ ಬರೆದರು. ತಮ್ಮ ದೇಶದಲ್ಲೂ ಎಬೋಲಾ ಇರಬಹುದು ಎಂಬ ಎಚ್ಚರಿಕೆಯನ್ನು 1982ರಲ್ಲೇ ಯುರೋಪಿನ ವಿಜ್ಞಾನಿಗಳು ಲೈಬೀರಿಯನ್ನರ ರಕ್ತ ಪರೀಕ್ಷಿಸಿ ಬರೆದಿದ್ದರು, ಅದು ತಮ್ಮ ಕಣ್ಣಿಗೆ ಬೀಳಲೇ ಇಲ್ಲ ಎಂದು. ಅಂಥ ಒಂದು ಪ್ರಬಂಧಕ್ಕೆ ಬೆಲೆ 45 ಡಾಲರ್, ಅಲ್ಲಿನ ವೈದ್ಯರ ಅರ್ಧ ವಾರದ ಸಂಬಳ.

ಈ ಊರಿನಲ್ಲಿ ನಿಂತು ಎಸ್.ಆರ್. ರಂಗನಾಥನ್ ಅವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಗ್ರಂಥಾಲಯಶಾಸ್ತ್ರದ ಅವರ ಐದು ಸೂತ್ರಗಳ ಪುಸ್ತಕವನ್ನು 1931ರಲ್ಲಿ ಹೊರತಂದದ್ದು ಯಾವ ದೊಡ್ಡ ಕಂಪನಿಯೂ ಅಲ್ಲ, ಮದರಾಸು ಗ್ರಂಥಾಲಯ ಸಂಘ. ಗ್ರಂಥಪಾಲಕರೇ ಪ್ರಕಾಶಕರಾಗಿದ್ದರು ಎಂಬುದನ್ನು ನಾವು ಮರೆತಿದ್ದೇವೆ. ದತ್ತಿಯ ಸಂದರ್ಭವಾದ್ದರಿಂದ ಇನ್ನೊಂದು ಮಾತು: ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಯನ್ನು ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯಶಾಸ್ತ್ರದ ಪೀಠಕ್ಕಾಗಿ ಇದೇ ವಿಶ್ವವಿದ್ಯಾಲಯಕ್ಕೆ ಕೊಟ್ಟ ಮಹನೀಯರು ಅವರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

ಅವರ ನಂತರದ ತಲೆಮಾರಿನಲ್ಲಿ ಚೆನ್ನೈಯ ಸುಬ್ಬಯ್ಯ ಅರುಣಾಚಲಂ ಮುಕ್ತ ಜ್ಞಾನದ ಮಾತನ್ನು ಊರೂರಿಗೆ ಒಯ್ದರು. 2004ರಲ್ಲಿ ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನದಲ್ಲಿ ನಡೆದ ಕಮ್ಮಟಗಳಲ್ಲಿ ಗ್ರಂಥಪಾಲಕರು ತಮ್ಮ ಸಂಸ್ಥೆಯ ಪ್ರಬಂಧಗಳನ್ನು ತಾವೇ ಮುಕ್ತ ಭಂಡಾರದಲ್ಲಿ ಇಡುವುದನ್ನು ಕಲಿತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ.ಬಿ. ರಾಜಶೇಖರ್ ಅಂಥ ಭಂಡಾರವನ್ನು ಅದಕ್ಕೂ ಮೊದಲೇ ಕಟ್ಟಿದ್ದರು. ಕರ್ನಾಟಕದ ವೈದ್ಯಕೀಯ ಗ್ರಂಥಾಲಯಗಳ ಮಟ್ಟಿಗೆ ದೊಡ್ಡ ಹೆಜ್ಜೆ ಹೆಲಿನೆಟ್. 2003ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭಿಸಿದ ಒಕ್ಕೂಟ ಇದು. ಅದಕ್ಕೆ ಮೊದಲು ಪ್ರತಿ ಕಾಲೇಜೂ ಪ್ರಕಾಶಕರ ಎದುರು ಒಂಟಿಯಾಗಿ ಕೂರುತ್ತಿತ್ತು. ನಾನೂ ಹಾಗೆ ಕೂತು, ಕೇಳಿದ ಬೆಲೆ ಕೊಟ್ಟು ಎದ್ದು ಬಂದವನೇ. ಎಲ್ಲರ ಪಾಲಿನ ಹಣ ಒಟ್ಟಿಗೆ ಸೇರಿದಾಗ ಒಂದು ದೊಡ್ಡ ನಗರದ ಕಾಲೇಜಿಗೂ ಒಂದು ಸಣ್ಣ ಊರಿನ ಕಾಲೇಜಿಗೂ ಒಂದೇ ಕಪಾಟು ತೆರೆಯಿತು.

2007ರಲ್ಲಿ ಇನ್ನೂ ದೊಡ್ಡದೊಂದು ಆಯಿತು. ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಕಾಕ್ರೇನ್ ಲೈಬ್ರರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಾಶಕರಿಗೆ ಹಣ ಕಟ್ಟಿ ಇಡೀ ದೇಶಕ್ಕೆ ತೆರೆಸಿತು. ಇದರ ಹಿಂದೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಪ್ರತಾಪ್ ಥರಿಯನ್ ಅವರಂಥವರ ಶ್ರಮವಿತ್ತು. ಗುರುತಿನ ಚೀಟಿ ಬೇಡ, ಕಾಲೇಜು ಬೇಡ. ಇಂಟರ್ನೆಟ್ ಇದ್ದ ಯಾರಾದರೂ ಓದಬಹುದಿತ್ತು. ಪ್ರಕಾಶಕರಿಗೆ ನಷ್ಟವಾಗಲಿಲ್ಲ, ಓದುಗರಿಗೆ ತಡೆ ಇರಲಿಲ್ಲ. ನ್ಯಾಯದ ಒಪ್ಪಂದ ಎಂದರೆ ನನಗೆ ಮೊದಲು ನೆನಪಾಗುವುದು ಇದು.

ಈಗ ಒಂದು ದೇಶ ಒಂದು ಚಂದಾ ಯೋಜನೆ ಬಂದಿದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿತು: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್, 6,300 ಸರಕಾರಿ ಸಂಸ್ಥೆಗಳು. ಸ್ವಾಗತಿಸಲೇಬೇಕಾದ ಕೆಲಸ. ಆದರೆ ಇದು ಸರಕಾರಿ ಸಂಸ್ಥೆಗಳಿಗೆಂದು ರೂಪಿಸಿದ್ದು. ನಮ್ಮ ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಬಹಳಷ್ಟು ಖಾಸಗಿಯವು, ಮತ್ತು ತಮ್ಮದೇ ಕ್ಲಿನಿಕ್ ನಡೆಸುವ ಹಳ್ಳಿಯ ವೈದ್ಯರು ಯಾವ ಸಂಸ್ಥೆಗೂ ಸೇರಿದವರಲ್ಲ. ಇಷ್ಟು ಸಾರ್ವಜನಿಕ ಹಣ ಹೋಗುವಾಗ ಓದುವ ಹಕ್ಕು ಸಾರ್ವಜನಿಕರಿಗೂ ಬರಬೇಕು.

ಪ್ರಕಾಶಕರ ಕಡೆಯ ಮಾತನ್ನೂ ಹೇಳಬೇಕು. ಹಸ್ತಪ್ರತಿಯನ್ನು ತಜ್ಞರಿಗೆ ಕಳಿಸುವುದು, ತಿದ್ದುವುದು, ಚಿತ್ರ ಪಟ ಸರಿಮಾಡುವುದು, ತಪ್ಪು ಕಂಡಾಗ ಪ್ರಬಂಧವನ್ನು ಹಿಂತೆಗೆದು ಎಲ್ಲರಿಗೂ ತಿಳಿಸುವುದು ಪುಕ್ಕಟೆಯ ಕೆಲಸಗಳಲ್ಲ. ಪರಿಶೀಲಿಸುವ ತಜ್ಞರು ಮಾತ್ರ ಬಹುಪಾಲು ಸಂಬಳವಿಲ್ಲದೆ ಮಾಡುತ್ತಾರೆ, ಅದೂ ನೆನಪಿರಲಿ. ಓದುಗರಿಂದ ಹಣ ಬೇಡ, ಬರೆದವರೇ ಕೊಡಲಿ ಎಂಬ ಹೊಸ ಏರ್ಪಾಡು ನನಗೆ ಸಮಾಧಾನ ತಂದಿಲ್ಲ. 2021ರಲ್ಲಿ ನೇಚರ್ ಪತ್ರಿಕೆ ಒಂದು ಮುಕ್ತ ಪ್ರಬಂಧಕ್ಕೆ ನಿಗದಿ ಮಾಡಿದ ಶುಲ್ಕ 9,500 ಯೂರೋ. ಹಾಗಾದರೆ ಹುಬ್ಬಳ್ಳಿಯ ಸಂಶೋಧಕಿ ಓದಬಲ್ಲಳು, ಬರೆಯಲಾರಳು. ಗೋಡೆ ಓದುವವನ ಮನೆಯಿಂದ ಬರೆಯುವವಳ ಮನೆಗೆ ಸರಿಯಿತು, ಅಷ್ಟೆ. ಲೇಖಕರಿಂದಲೂ ಓದುಗರಿಂದಲೂ ಹಣ ಪಡೆಯದೆ ಜರ್ನಲ್ ನಡೆಸುವ ದಾರಿ ನಮ್ಮ ದೇಶಕ್ಕೆ ಹೊಸತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ಓದಲು ಮುಕ್ತವಾಗಿ ಇಟ್ಟುಕೊಂಡು ಬಂದಿದೆ.

ಮತ್ತೆ, ಕಪಾಟು ತೆರೆದ ಮಾತ್ರಕ್ಕೆ ಅರಿವು ಮನೆ ಸೇರುವುದಿಲ್ಲ. ಡಾ. ಅನುಪಮಾ ನಿರಂಜನರ 'ತಾಯಿ ಮಗು' ಎಷ್ಟು ಕನ್ನಡ ಮನೆಗಳಲ್ಲಿ ಬಾಣಂತನದ ಕೋಣೆಯವರೆಗೆ ಹೋಯಿತು ಎಂಬುದು ನಿಮ್ಮಲ್ಲಿ ಹಿರಿಯ ಹೆಣ್ಣುಮಕ್ಕಳಿಗೆ ಗೊತ್ತು. ಕಾಕ್ರೇನ್‌ನ ಸರಳ ಸಾರಾಂಶಗಳು ತಮಿಳಿನಲ್ಲಿ ಬಂದಿವೆ. ಕನ್ನಡದಲ್ಲೂ ಆ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಬೇಕು, ಮತ್ತು ಅನುವಾದದ ಅನುಮತಿಯನ್ನು ಪ್ರಕಾಶಕರು ಹಣ ಕೇಳದೆ ಕೊಡಬೇಕು. ಎರಡು ಭಾಷೆ ಬಲ್ಲ ಚೆನ್ನೈಯ ಕನ್ನಡಿಗರು ಇದಕ್ಕೆ ಕೈ ಹಾಕಿದರೆ ನನಗಿಂತ ಸಂತೋಷಪಡುವವರಿಲ್ಲ.

ಸಭೆಯಲ್ಲಿ ಗ್ರಂಥಪಾಲಕರು ಇದ್ದೀರಿ, ಕಾಲೇಜುಗಳ ಆಡಳಿತ ನೋಡುವವರೂ ಇದ್ದೀರಿ. ಜನವರಿಯಿಂದ ಶುರುವಾಗುವ ಚಂದಾದ ಕಾಗದಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ನಿಮ್ಮ ಮೇಜಿಗೆ ಬರುತ್ತವೆ. ಬೆಲೆಯ ಪುಟ ದಾಟಿ ಮುಂದೆ ಓದಿ. ಚಂದಾ ನಿಂತರೂ ಹಣ ಕೊಟ್ಟ ವರ್ಷಗಳ ಸಂಚಿಕೆಗಳು ಉಳಿಯುತ್ತವೆಯೇ, ಬೆಲೆಯನ್ನು ಇನ್ನೊಂದು ಕಾಲೇಜಿಗೆ ಹೇಳಬಾರದು ಎಂದು ಬರೆದಿದೆಯೇ, ಹೊರಗಿನಿಂದ ಬಂದ ವೈದ್ಯರಿಗೆ ಒಂದು ಕುರ್ಚಿ ಇದೆಯೇ ನೋಡಿ. ಇಲ್ಲದಿದ್ದರೆ ಸಹಿ ಹಾಕುವ ಮುನ್ನ ಕೇಳಿ. ತಾಲ್ಲೂಕು ಆಸ್ಪತ್ರೆಯಿಂದ ಬಸ್ಸು ಹತ್ತಿ ಬಂದವರನ್ನು ದಯವಿಟ್ಟು ಬರಿಗೈಯಲ್ಲಿ ಕಳಿಸಬೇಡಿ.