ಕೈಗೂ ಒಂದು ಅಳತೆ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಮಲ್ಲಿಪಟ್ಟಣದ ಕಡೆಯ ಹಳ್ಳಿಗಳಲ್ಲಿ, ಹೊಗೆಸೊಪ್ಪನ್ನು ದಾರ ಸುತ್ತಿ ಕೋಲಿಗೆ ಕಟ್ಟುವವರ ಕೈಯನ್ನು ಗಮನಿಸಿ. ಕಣ್ಣು ಬೇರೆಡೆ ಇದ್ದರೂ ಬೆರಳು ತಪ್ಪುವುದಿಲ್ಲ. ಹೂ ಕಟ್ಟುವ, ಹಸು ಕರೆಯುವ, ಅಕ್ಷರ ಬರೆಯುವ ಕೈಯೂ ಹೀಗೆಯೇ. ಅಂಥ ಕೈ ನಿಧಾನವಾಗಿ ಸೋಲತೊಡಗಿದರೆ ಅದನ್ನು ಅಳೆಯುವುದು ಹೇಗೆ? ಇಂದಿನ ವಿಚಾರ ಅದೇ.

ಒಬ್ಬ ಹೈಸ್ಕೂಲು ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳಿ. ಮೊದಲು ದುಂಡಾಗಿದ್ದ ಅವನ ಬರವಣಿಗೆ ವರ್ಷದಿಂದ ವರ್ಷಕ್ಕೆ ಕೆಡುತ್ತಿದೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ನಡೆಯುವಾಗ ಆಗಾಗ ಎಡವುತ್ತಾನೆ. ಮನೆಯಲ್ಲಿ ಇದು ಸೋಮಾರಿತನ ಎನ್ನುತ್ತಾರೆ. ಬೆರಳುಗಳು ಬಾಗತೊಡಗಿದರೆ ಕೆಲವರು ಕುಷ್ಠವಿರಬಹುದೆಂದು ಪಿಸುಗುಟ್ಟುತ್ತಾರೆ. ತಂದೆಗೂ ಹೀಗೇ ಇತ್ತಲ್ಲ, ಅವರ ವಂಶವೇ ಹಾಗೆ ಎಂದು ಹಿರಿಯರು ಸುಮ್ಮನಾಗುತ್ತಾರೆ. ಆ ಕೊನೆಯ ಮಾತಿನಲ್ಲೇ ರೋಗದ ಸುಳಿವಿದೆ.

ಇಂಥ ಆನುವಂಶಿಕ ನರರೋಗಗಳಲ್ಲಿ ಮುಖ್ಯವಾದುದು ಷಾರ್ಕೊ-ಮರಿ-ಟೂತ್ ರೋಗ. 1886ರಲ್ಲಿ ಫ್ರಾನ್ಸಿನ ಷಾರ್ಕೊ ಮತ್ತು ಮರಿ, ಇಂಗ್ಲೆಂಡಿನ ಟೂತ್ ಇದನ್ನು ವಿವರಿಸಿದರು. ಇದರ ಅತಿ ಸಾಮಾನ್ಯ ಬಗೆಗೆ 17ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುವುದೇ ಕಾರಣವೆಂದು 1991ರಲ್ಲಿ ತಿಳಿಯಿತು. ಈ ಬಗೆಯಲ್ಲಿ ತಂದೆ ಅಥವಾ ತಾಯಿಗೆ ರೋಗವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಇನ್ನು ಕೆಲವು ಬಗೆಗಳು ತಂದೆ ತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರ ಸಂಬಂಧದ ಮದುವೆಗಳಲ್ಲಿ ಆ ಸಂಭವ ಹೆಚ್ಚು.

ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆಯಿರುವಂತೆ ನರಕ್ಕೆ ಮೈಲಿನ್ ಎಂಬ ಹೊದಿಕೆಯಿದೆ. ಅದು ಕೆಟ್ಟರೆ ಸಂದೇಶದ ವೇಗ ಕುಗ್ಗುತ್ತದೆ. ಆರೋಗ್ಯವಂತರ ತೋಳಿನ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಅದಕ್ಕೂ ಹೆಚ್ಚು ವೇಗದಲ್ಲಿ ಸಾಗುತ್ತದೆ. ಈ ರೋಗದ ಮೊದಲ ಬಗೆಯಲ್ಲಿ ಅದು 38 ಮೀಟರಿಗಿಂತ ಕಡಿಮೆ. ಉದ್ದವಾದ ನರಗಳಿಗೆ ಮೊದಲು ಪೆಟ್ಟು ಬೀಳುವುದರಿಂದ ರೋಗ ಪಾದದಲ್ಲಿ ಮೊದಲಾಗಿ ಅನಂತರ ಕೈಗೆ ಬರುತ್ತದೆ.

ಆದರೆ ನರದ ವೇಗ ತಿಳಿದ ಮಾತ್ರಕ್ಕೆ ಕೈ ಏನು ಮಾಡಬಲ್ಲದು ಎಂಬುದು ತಿಳಿಯದು. ಅದಕ್ಕಾಗಿ ಕೈಯನ್ನೇ ಪರೀಕ್ಷಿಸಬೇಕು.

ಮೊದಲನೆಯದು ಬಲ. ವೈದ್ಯರು ಒಂದೊಂದು ಸ್ನಾಯುವಿಗೂ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. ಸ್ನಾಯು ಸ್ವಲ್ಪವೂ ಸಂಕೋಚಿಸದಿದ್ದರೆ ಸೊನ್ನೆ, ಪೂರ್ಣ ಬಲವಿದ್ದರೆ ಐದು. ಹಿಡಿತವನ್ನು ಡೈನಮೋಮೀಟರ್ ಎಂಬ ಉಪಕರಣದಿಂದ ಕಿಲೋಗ್ರಾಂಗಳಲ್ಲಿ ಅಳೆಯುತ್ತಾರೆ. ಮೊಣಕೈ ಮಡಿಸಿ ಮೂರು ಸಲ ಹಿಡಿಸಿ ಸರಾಸರಿ ತೆಗೆಯುವುದು ರೂಢಿ. ಇಲ್ಲೊಂದು ಎಚ್ಚರ ಬೇಕು. ಮುಷ್ಟಿ ಬಿಗಿಯುವ ದೊಡ್ಡ ಸ್ನಾಯುಗಳು ಮುಂದೋಳಿನಲ್ಲಿವೆ. ರೋಗ ಮೊದಲು ಸೊರಗಿಸುವುದು ಅಂಗೈಯೊಳಗಿನ ಪುಟ್ಟ ಸ್ನಾಯುಗಳನ್ನು. ಆದುದರಿಂದ ಕುಡುಗೋಲು ಹಿಡಿಯಬಲ್ಲವನಿಗೆ ಸೂಜಿ ಹಿಡಿಯಲು ಆಗದಿರಬಹುದು! ಹೆಬ್ಬೆರಳು ಮತ್ತು ತೋರುಬೆರಳಿನ ಚಿವುಟುವ ಬಲವನ್ನು ಬೇರೆಯಾಗಿಯೇ ಅಳೆಯಬೇಕು.

ಎರಡನೆಯದು ಹೆಬ್ಬೆರಳಿನ ಚಲನೆ. ಅದರ ತುದಿ ಉಳಿದ ಬೆರಳುಗಳನ್ನು ಮುಟ್ಟುತ್ತಾ ಕಿರುಬೆರಳಿನ ಬುಡದವರೆಗೆ ಹೋಗುತ್ತದೆಯೇ ಎಂದು ನೋಡುತ್ತಾರೆ.

ಮೂರನೆಯದು ಚುರುಕು. ಒಂಬತ್ತು ತೂತುಗಳ ಹಲಗೆಯಲ್ಲಿ ಒಂಬತ್ತು ಕಡ್ಡಿಗಳನ್ನು ಒಂದೊಂದಾಗಿ ನೆಟ್ಟು, ಮತ್ತೆ ಒಂದೊಂದಾಗಿ ತೆಗೆಯಬೇಕು. ಆರೋಗ್ಯವಂತ ಯುವಕ ಯುವತಿಯರಿಗೆ ಸಾಮಾನ್ಯವಾಗಿ 20 ಸೆಕೆಂಡ್ ಸಾಕು. ಕೈ ತಣ್ಣಗಿದ್ದರೆ ಬೆರಳು ಜಡವಾಗುತ್ತದೆ. ಆದುದರಿಂದ ಚಳಿಗಾಲದ ಬೆಳಿಗ್ಗೆಯ ಅಳತೆಯನ್ನು ಬೇಸಿಗೆಯ ಮಧ್ಯಾಹ್ನದ ಅಳತೆಗೆ ಹೋಲಿಸಬಾರದು. ಕೈ ಬೆಚ್ಚಗೆ ಮಾಡಿಯೇ ಪರೀಕ್ಷೆ ಆರಂಭಿಸಬೇಕು.

ನಾಲ್ಕನೆಯದು ಸ್ಪರ್ಶ. ನೈಲಾನ್ ಎಳೆಯನ್ನು ಬೆರಳ ತುದಿಗೆ ಒತ್ತಿ, ತಿಳಿಯಿತೇ ಎಂದು ಕೇಳುತ್ತಾರೆ.

ಕೊನೆಯದು ಸಂಭಾಷಣೆ. ಗುಂಡಿ ಹಾಕುವುದು, ಬೀಗ ತೆಗೆಯುವುದು, ಮುದ್ದೆ ಮುರಿಯುವುದು ಹೇಗೆ ನಡೆದಿದೆ? ಹಲ್ಲಿನಿಂದ ಕಚ್ಚಿ, ಎರಡೂ ಕೈ ಸೇರಿಸಿ ಕೆಲಸ ಸಾಗಿಸಲು ರೋಗಿ ಕಲಿತಿರುತ್ತಾನೆ. ಕೆಲಸ ಆಗುತ್ತದೆ ಎಂಬ ಒಂದೇ ಉತ್ತರಕ್ಕೆ ತೃಪ್ತರಾದರೆ ನಷ್ಟ ಕಾಣುವುದಿಲ್ಲ.

ಈ ರೋಗವನ್ನು ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಹಾಗಾದರೆ ಅಳೆದು ಪ್ರಯೋಜನವೇನು ಎಂದು ನೀವು ಕೇಳಬಹುದು. ಪ್ರಯೋಜನವಿದೆ. ವರ್ಷಕ್ಕೊಮ್ಮೆ ಬರೆದಿಟ್ಟ ಅಂಕಿಗಳಿಂದ ರೋಗದ ಗತಿ ತಿಳಿಯುತ್ತದೆ. ದಪ್ಪ ಹಿಡಿಯ ಪೆನ್ನು ಸಾಕೇ, ಬೆರಳಿಗೆ ಆಸರೆಪಟ್ಟಿ ಬೇಕೇ, ಶಸ್ತ್ರಚಿಕಿತ್ಸೆ ಬೇಕೇ ಎಂದು ನಿರ್ಧರಿಸಬಹುದು. ಬಲವಿರುವ ಸ್ನಾಯುವಿನ ಕಂಡರವನ್ನು ಸೋತ ಹೆಬ್ಬೆರಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆಯೂ ಇದೆ. ಕುಷ್ಠದಿಂದ ಸೋತ ಕೈಗಳಿಗೆ ಇಂಥದೇ ಶಸ್ತ್ರಚಿಕಿತ್ಸೆಯನ್ನು ನಮ್ಮ ನೆರೆಯ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಬೆಳೆಸಿದರು. ಕುಷ್ಠವು ರೋಗಾಣುವಿನಿಂದ ಬರುವ, ಔಷಧದಿಂದ ಗುಣವಾಗುವ ಬೇರೆಯೇ ರೋಗ. ಎರಡರಲ್ಲೂ ಬೆರಳು ಬಾಗಬಹುದು. ಭೇದ ತಿಳಿಯಲು ಪರೀಕ್ಷೆ ಬೇಕು, ಪಿಸುಮಾತು ಸಾಲದು.

ಮತ್ತೊಂದು ಪ್ರಯೋಜನ ನಿಮಗೇ ಹತ್ತಿರದ್ದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯಿದೆಯ ನಂತರ, 2018ರಲ್ಲಿ ಕೇಂದ್ರ ಸರ್ಕಾರ ಪರೀಕ್ಷೆಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅರ್ಹರಾದವರಿಗೆ ಬರೆಯಲು ಸಹಾಯಕರು ದೊರೆಯುತ್ತಾರೆ, ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಕಾಲಾವಕಾಶವೂ ಇದೆ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಕೈಯ ಸ್ಥಿತಿಯನ್ನು ಅಳೆದು ದಾಖಲಿಸದೆ ಅಂಥ ಪತ್ರ ಹೇಗೆ ಬಂದೀತು?

ಹಾಸನದಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನರರೋಗಗಳಿಗೆ ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಆದರೆ ಮೊದಲ ಪರೀಕ್ಷಕರು ನೀವೇ. ಪಕ್ಕದ ಬೆಂಚಿನ ಗೆಳೆಯನ ಅಕ್ಷರ ಕೆಡುತ್ತಿದ್ದರೆ ನಗಬೇಡಿ. ಕೈಗೆ ಏನಾಗಿದೆ ಎಂದು ಕೇಳಿ. ಅವನ ಮನೆಯವರಿಗೂ ಉಪಾಧ್ಯಾಯರಿಗೂ ತಿಳಿಸಿ.