ಮಿದುಳಿನ ಗಡ್ಡೆಯ ಶಸ್ತ್ರಚಿಕಿತ್ಸೆ: ಮೊದಲು ಮತ್ತು ನಂತರ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನರಶಸ್ತ್ರಚಿಕಿತ್ಸಕರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ಅನುಭಾವದ ಗೋಷ್ಠಿಯಲ್ಲಿ ಆಸ್ಪತ್ರೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಈ ಮಠಕ್ಕೆ ಬರುವ ಎಷ್ಟೋ ಮನೆಗಳವರು ಪೂಜ್ಯರಲ್ಲಿ ಮೊದಲು ಹೇಳಿಕೊಳ್ಳುವುದು ಕಾಯಿಲೆಯ ಸಂಕಟವನ್ನೇ. "ತಲೆ ತೆರೆದರೆ ಮನುಷ್ಯ ಉಳಿಯುತ್ತಾನೆಯೇ? ಉಳಿದರೂ ಮೊದಲಿನಂತೆ ಆಗುತ್ತಾನೆಯೇ?" ಎಂದು ಹೋದ ತಿಂಗಳು ಒಬ್ಬರು ಇಲ್ಲಿ ಕೇಳಿದರಂತೆ. ಅದಕ್ಕೆ ನೀವೇ ಬಂದು ಉತ್ತರ ಹೇಳಿ ಎಂದು ಪೂಜ್ಯರು ಅಪ್ಪಣೆ ಮಾಡಿದರು. ಉತ್ತರದ ಜೊತೆಗೆ ನನ್ನದೊಂದು ತಪ್ಪನ್ನೂ ಹೇಳಿಕೊಳ್ಳುವುದಿದೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ತಲೆಬುರುಡೆ ಗಟ್ಟಿಯಾದ, ಮುಚ್ಚಿದ ಪೆಟ್ಟಿಗೆ. ಅದರೊಳಗೆ ಗಡ್ಡೆ ಬೆಳೆದರೆ ಹಿಗ್ಗಲು ಜಾಗವಿಲ್ಲ, ಮಿದುಳನ್ನೇ ಒತ್ತುತ್ತದೆ. ದಿನದಿನಕ್ಕೆ ಹೆಚ್ಚುವ, ಬೆಳಗಿನ ಜಾವ ಜೋರಾಗುವ ತಲೆನೋವು, ಜೊತೆಗೆ ವಾಂತಿ; ಒಂದು ಕಡೆಯ ಕೈಕಾಲು ನಿಧಾನವಾಗಿ ಸೋಲುವುದು; ದೃಷ್ಟಿ ಮಂಜಾಗುವುದು; ಒಂದೇ ಕಿವಿ ಕೇಳದಂತಾಗುವುದು; ಶಾಂತವಾಗಿದ್ದವರ ಸ್ವಭಾವವೇ ಬದಲಾಗುವುದು; ದೊಡ್ಡವರಿಗೆ ಜೀವನದಲ್ಲಿ ಮೊದಲ ಸಲ ಫಿಟ್ಸ್ ಬರುವುದು. ಇವು ಕಂಡರೆ ತಲೆಯ ಸ್ಕ್ಯಾನ್ ಮಾಡಿಸಬೇಕು. ತಲೆನೋವುಗಳಲ್ಲಿ ಬಹುಪಾಲು ಗಡ್ಡೆಯಿಂದ ಬಂದವಲ್ಲ ಎಂಬುದೂ ನೆನಪಿರಲಿ.

ಫಿಟ್ಸ್ ಬಂದಾಗ ಕೈಗೆ ಕೀಲಿಕೈ ಗೊಂಚಲು ಕೊಡುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ, ಗಾಳಿ ಮೆಟ್ಟಿದೆ ಎಂದು ತಾಯಿತ ಕಟ್ಟಿಸುತ್ತೇವೆ. ಇದರಲ್ಲಿ ಯಾವುದರಿಂದಲೂ ಫಿಟ್ಸ್ ನಿಲ್ಲುವುದಿಲ್ಲ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ನೀರು ಹಾಕಬೇಡಿ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಇನ್ನೊಂದು ತಪ್ಪು ಕಲ್ಪನೆ, ಗಡ್ಡೆ ಎಂದರೆ ಕ್ಯಾನ್ಸರ್ ಎಂಬುದು. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಹೆಚ್ಚಿನವರಲ್ಲಿ ಕ್ಯಾನ್ಸರ್ ಅಲ್ಲ, ಪೂರ್ತಿ ತೆಗೆಯಲು ಸಾಧ್ಯವಾದರೆ ಎಷ್ಟೋ ಜನರಿಗೆ ಅಲ್ಲಿಗೇ ಮುಗಿಯುತ್ತದೆ. ಪಿಟ್ಯುಟರಿ ಗ್ರಂಥಿಯ ಗಡ್ಡೆಗಳನ್ನು ಬಹುತೇಕ ಮೂಗಿನ ದಾರಿಯಿಂದಲೇ ತೆಗೆಯುತ್ತೇವೆ, ತಲೆ ತೆರೆಯುವುದೇ ಇಲ್ಲ. ಮಿದುಳಿನೊಳಗಿನ ಜೀವಕೋಶಗಳಿಂದಲೇ ಹುಟ್ಟುವ ಗ್ಲಯೋಮಾಗಳನ್ನು 1ರಿಂದ 4ರವರೆಗೆ ದರ್ಜೆ ಮಾಡುತ್ತಾರೆ. ದರ್ಜೆ ಏರಿದಂತೆ ಕಾಯಿಲೆ ಕಠಿಣ. ಗಡ್ಡೆ ಯಾವುದೆಂದು ಸ್ಕ್ಯಾನ್ ನೋಡಿ ಊಹಿಸಬಹುದು, ಖಚಿತ ಮಾಡುವುದು ಬಯಾಪ್ಸಿ.

ಈಗ ನನ್ನ ತಪ್ಪಿನ ಮಾತು. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು, ಮನೆಯಲ್ಲೇ ಜಂಪರ್ ಹೊಲಿಯುವ ಕೆಲಸ. ಎರಡು ಸಲ ಫಿಟ್ಸ್ ಬಂದಿತ್ತು. ಎಂಆರ್‌ಐ ಮಾಡಿಸಿದಾಗ ಮಿದುಳಿನ ಎಡಭಾಗದ ಮುಂಗಡೆ ಗಡ್ಡೆ ಕಂಡಿತು. ಆ ಜಾಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ ಕೆಲವರಿಗೆ ಎಚ್ಚರವಾದ ಮೇಲೆ ಮಾತು ಹೊರಡುವುದಿಲ್ಲ, ಬಲಗೈ ಏಳುವುದಿಲ್ಲ. ಆದರೆ ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ಎರಡೂ ಮರಳುತ್ತವೆ. ಇದನ್ನು ಗಂಡನಿಗೂ ಮಗನಿಗೂ ಬಿಡಿಸಿ ಹೇಳಿದೆ. ಇಬ್ಬರೂ ಕೈಮುಗಿದು, "ಆಕಿಗೆ ಮಾತ್ರ ಹೇಳಬ್ಯಾಡ್ರಿ, ಎದಿ ಒಡ್ಕೋತಾಳ" ಎಂದರು. ನಾನು ಒಪ್ಪಿದೆ. "ಸಣ್ಣ ಗಂಟು, ತೆಗೆದರೆ ಫಿಟ್ಸ್ ಕಡಿಮೆಯಾಗುತ್ತದೆ" ಎಂದಷ್ಟೇ ಹೇಳಿ ಸಹಿ ಮಾಡಿಸಿಕೊಂಡೆ.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಎಚ್ಚರವಾದಾಗ ಆಕೆಗೆ ಮಾತಿಲ್ಲ, ಬಲಗೈ ಏಳದು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ನಾವು ನಿರೀಕ್ಷಿಸಿದ್ದೇ ಆಗಿತ್ತು, ಆದ್ದರಿಂದ ನಮಗೆ ಗಾಬರಿ ಇರಲಿಲ್ಲ. ಆಕೆಗೆ ಮಾತ್ರ ತನ್ನ ಬಾಳು ಮುಗಿಯಿತು ಅನಿಸಿತ್ತು. ಗೋಡೆಗೆ ಮುಖ ಮಾಡಿ ಮಲಗಿದರು, ಊಟ ಬಿಟ್ಟರು. ಆಮೇಲೆ ನಾವೆಷ್ಟು ಹೇಳಿದರೂ ಸಮಾಧಾನಕ್ಕೆ ಹೇಳುತ್ತಿದ್ದಾರೆ ಎಂದುಕೊಂಡರು, ನಂಬಲಿಲ್ಲ. ಮೊದಲು ಮುಚ್ಚಿಟ್ಟವರ ಮಾತನ್ನು ಯಾಕೆ ನಂಬಬೇಕು? ಹನ್ನೊಂದನೆಯ ದಿನ ಮೊದಲ ಶಬ್ದ ಹೊರಟಿತು. ಎರಡು ತಿಂಗಳಿಗೆ ಮಾತು ಪೂರ್ತಿ ಬಂತು, ಕೈಯೂ ಹೊಲಿಗೆ ಯಂತ್ರಕ್ಕೆ ಮರಳಿತು. ತೋರಿಸಿಕೊಳ್ಳಲು ಬಂದಾಗ ಆಕೆ ನನಗೆ ಹೇಳಿದ್ದು ಇಷ್ಟೇ: "ಮೊದಲ ಒಂದ್ ಮಾತು ಹೇಳಿದ್ರ ಗಟ್ಟಿ ಆಗಿರ್ತಿದ್ನಲ್ರಿ ಸಾಹೇಬ್ರ. ಎಲ್ಲಾರಿಗೂ ಗೊತ್ತಿತ್ತು. ತಲಿ ಮಾತ್ರ ನಂದಿತ್ತು."

ಅಂದಿನಿಂದ ರೋಗಿಗೆ ಹೇಳದೆ ನಾನು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಕಾನೂನು ಹೇಳುವುದೂ ಅದನ್ನೇ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ, ವಿಷಯ ತಿಳಿಸಿ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2008ರ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಆ ತಾಯಿಯ ಮಾತು ನನಗೆ ತೀರ್ಪಿಗಿಂತ ದೊಡ್ಡದು.

ಹಾಗಾದರೆ ರೋಗಿಗೂ ಮನೆಯವರಿಗೂ ತಿಳಿದಿರಬೇಕಾದದ್ದು ಏನು?

ಮೊದಲು, ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳು. ಗಡ್ಡೆಯ ಸುತ್ತಲಿನ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದುಂಟು. ಇದರಿಂದ ತಲೆನೋವು ಒಂದೆರಡು ದಿನದಲ್ಲೇ ಹಗುರಾಗಬಹುದು. ಅದನ್ನು ನೋಡಿ "ಗುಣವಾಯಿತು, ಆಪರೇಷನ್ ಯಾಕೆ" ಎಂದು ಊರಿಗೆ ಹೊರಟವರಿದ್ದಾರೆ. ಇಳಿದದ್ದು ಊತ, ಗಡ್ಡೆ ಅಲ್ಲಿಯೇ ಇರುತ್ತದೆ. ಈ ಔಷಧದಿಂದ ರಕ್ತದ ಸಕ್ಕರೆ ಏರುತ್ತದೆ, ನಿದ್ದೆ ಕೆಡುತ್ತದೆ, ಹಸಿವು ಹೆಚ್ಚುತ್ತದೆ. ನೀವಾಗಿಯೇ ಥಟ್ಟನೆ ನಿಲ್ಲಿಸಬಾರದು. ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ, ನಾಟಿ ಔಷಧಿಯನ್ನೂ ಸೇರಿಸಿ, ಒಂದು ಚೀಲದಲ್ಲಿ ತಂದು ತೋರಿಸಿ. ಹೃದಯದ ಕಾಯಿಲೆಗೆ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡಬೇಡಿ, ಅದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರೇ ಹೇಳುತ್ತಾರೆ. ಬೀಡಿ, ತಂಬಾಕು ಅಂದೇ ಬಿಡಿ.

ಎಂಆರ್‌ಐ ಯಂತ್ರ ಭಾರಿ ಅಯಸ್ಕಾಂತ. ಲೋಹದ ಯಾವ ವಸ್ತುವನ್ನೂ ಮೈಮೇಲೆ ಇಟ್ಟುಕೊಂಡು ಒಳಗೆ ಹೋಗುವಂತಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲೂ ಹಾಗೆಯೇ. ತಾಳಿ, ಕಾಲುಂಗುರದ ಜೊತೆಗೆ ನಮ್ಮವರಿಗೆ ಬರುವ ಚಿಂತೆ ಕೊರಳಿನ ಕರಡಿಗೆಯದು. "ಲಿಂಗ ಬಿಟ್ಟು ಹ್ಯಾಂಗ ಒಳಗ ಹೋಗಲಿ" ಎಂದು ಸ್ಕ್ಯಾನ್ ಕೊಠಡಿಯ ಬಾಗಿಲಲ್ಲೇ ಅತ್ತ ಅಜ್ಜಿಯರನ್ನು ಕಂಡಿದ್ದೇನೆ. ಪೂಜ್ಯರನ್ನು ಕೇಳಿದೆ. ಜೀವ ಉಳಿಸುವ ಕೆಲಸಕ್ಕೆ ಮನೆಯವರ ಕೈಗೆ ಕೊಟ್ಟು ಹೋಗುವುದರಲ್ಲಿ ದೋಷವಿಲ್ಲ ಎಂದರು. ಯಾರ ಕೈಗೆ ಕೊಡಬೇಕೆಂದು ಮೊದಲೇ ಗೊತ್ತು ಮಾಡಿಕೊಂಡರೆ ಆ ಗಳಿಗೆಯ ಸಂಕಟ ಇರುವುದಿಲ್ಲ.

ದಿನ ನಿಗದಿ ಮಾಡುವಾಗ ಅಮಾವಾಸ್ಯೆ, ರಾಹುಕಾಲ ನೋಡಿ ಮುಂದೂಡಬೇಡಿ. ತಲೆಯೊಳಗೆ ಒತ್ತಡ ಏರುತ್ತಿರುವಾಗ ಹೋಗುವ ಒಂದೊಂದು ದಿನವೂ ದೃಷ್ಟಿಯನ್ನೋ ಜೀವವನ್ನೋ ತೆಗೆದುಕೊಂಡು ಹೋಗಬಹುದು. ಕಾಯಬಹುದಾದ ಗಡ್ಡೆಗಳೂ ಇವೆ, ಆದರೆ ಅದನ್ನು ಹೇಳಬೇಕಾದ್ದು ಸ್ಕ್ಯಾನ್, ಪಂಚಾಂಗವಲ್ಲ. ಹಣದ ಚಿಂತೆಯಿಂದಲೂ ತಡ ಮಾಡಬೇಡಿ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಹಿಡಿದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸರ್ಕಾರಿ ಸಂಸ್ಥೆಗಳಲ್ಲಿ ಈ ಶಸ್ತ್ರಚಿಕಿತ್ಸೆಗಳು ದಿನನಿತ್ಯ ನಡೆಯುತ್ತವೆ.

ಸಹಿ ಹಾಕುವ ಮುನ್ನ ವೈದ್ಯರನ್ನು ಕೇಳಿ: ಗಡ್ಡೆ ಎಲ್ಲಿದೆ? ಪೂರ್ತಿ ತೆಗೆಯಬಹುದೇ? ತೆಗೆದರೆ ನನಗೆ ಏನು ಕುಂದು ಬರಬಹುದು, ಅದು ಮರಳುತ್ತದೆಯೇ? ತೆಗೆಯದಿದ್ದರೆ ಏನಾಗುತ್ತದೆ? ಮುಂದೆ ಬೇರೆ ಚಿಕಿತ್ಸೆ ಬೇಕೇ? ಹೀಗೆ ಕೇಳಿದರೆ ವೈದ್ಯರಿಗೆ ಸಿಟ್ಟು ಬರುತ್ತದೆ ಎಂದು ಅಂಜಬೇಡಿ. ಸಿಟ್ಟು ಬಂದರೂ ಕೇಳಿ.

ಶಸ್ತ್ರಚಿಕಿತ್ಸೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿರಬೇಕು. ಈಗ ಅನೇಕ ಕಡೆ ಪೂರ್ತಿ ತಲೆ ಬೋಳಿಸುವುದಿಲ್ಲ, ಕೊಯ್ಯುವ ಗೆರೆಯಷ್ಟೇ ಕೂದಲು ತೆಗೆಯುತ್ತಾರೆ. ಹೆಣ್ಣುಮಕ್ಕಳು ಇದನ್ನು ಕೇಳಲು ನಾಚುತ್ತಾರೆ, ಆದ್ದರಿಂದ ನಾನೇ ಹೇಳುತ್ತಿದ್ದೇನೆ. ಅರಿವಳಿಕೆ ಕೊಟ್ಟ ಮೇಲೆ ತಲೆಬುರುಡೆಯಲ್ಲಿ ಸಣ್ಣ ಕಿಟಕಿಯಷ್ಟು ಮೂಳೆ ಎತ್ತಿ, ಸೂಕ್ಷ್ಮದರ್ಶಕದಡಿ ಗಡ್ಡೆ ತೆಗೆದು, ಮೂಳೆಯನ್ನು ಬಹುತೇಕ ಅಲ್ಲಿಯೇ ಕೂಡಿಸುತ್ತೇವೆ. ಹಲವು ಗಂಟೆ ಹಿಡಿಯುತ್ತದೆ. ಹೊರಗೆ ಕುಳಿತವರು ತಡವಾಯಿತೆಂದರೆ ಕೆಟ್ಟದ್ದಾಯಿತು ಎಂದುಕೊಳ್ಳಬೇಡಿ. ಮಿದುಳಿಗೆ ತನ್ನ ನೋವು ತಿಳಿಯದು. ಅದರಿಂದಲೇ ಮಾತಿನ ಜಾಗದ ಹತ್ತಿರದ ಗಡ್ಡೆಗಳನ್ನು ಕೆಲವೊಮ್ಮೆ ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತಲೇ ತೆಗೆಯುತ್ತೇವೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ ಬೆಳೆಸಿದ ಈ ವಿಧಾನ ಇಂದು ನಮ್ಮ ದೇಶದಲ್ಲೂ ಬಳಕೆಯಲ್ಲಿದೆ.

ಇನ್ನು ನಂತರದ ಮಾತು. ಜನ ಹೆಚ್ಚು ಹೆದರುವುದು ಇಲ್ಲಿಯೇ, ಯಾರೂ ಮೊದಲು ಹೇಳದಿರುವುದೂ ಇದನ್ನೇ. ಐಸಿಯುನಲ್ಲಿ ನರ್ಸ್ ಪದೇಪದೇ ಎಬ್ಬಿಸಿ ಹೆಸರು ಕೇಳುತ್ತಾರೆ, ಕಣ್ಣಿಗೆ ಬೆಳಕು ಬಿಡುತ್ತಾರೆ, ಕೈ ಹಿಸುಕಲು ಹೇಳುತ್ತಾರೆ. ಇದು ಕಿರುಕುಳವಲ್ಲ, ಒಳಗೆ ರಕ್ತ ಸೋರಿದರೆ ಮೊದಲು ತಿಳಿಯುವುದು ಹೀಗೆಯೇ. ಮೂತ್ರದ ನಳಿಕೆ, ಕೈಗೆ ಸೂಜಿ ಇರುತ್ತವೆ. ಮುಖ, ಕಣ್ಣಿನ ಸುತ್ತ ಊದಿಕೊಂಡು, ಎರಡು ಮೂರು ದಿನ ಕಣ್ಣು ತೆರೆಯಲಾಗದಂತೆ ಆಗಬಹುದು. ಅದನ್ನು ಕಂಡು ರೋಗಿಯ ಮುಂದೆ ಅಳಬೇಡಿ, ಅದು ಇಳಿಯುತ್ತದೆ. ಎಲ್ಲ ಸರಿಹೋದರೆ ಒಂದೆರಡು ದಿನದಲ್ಲಿ ಕೂರಿಸಿ, ನಡೆಸುತ್ತಾರೆ. ಅನೇಕರು ವಾರದೊಳಗೆ ಮನೆಗೆ ಹೋಗುತ್ತಾರೆ.

ಮನೆಗೆ ಬಂದ ಮೇಲೆ ಆಯಾಸ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ. ಹಗಲೂ ಮಲಗುತ್ತಾರೆ, ಸಣ್ಣದಕ್ಕೆ ಸಿಡುಕುತ್ತಾರೆ, ಸುಮ್ಮನೆ ಅಳುತ್ತಾರೆ, ಹೆಸರು ಮರೆಯುತ್ತಾರೆ. ಸೋಮಾರಿತನ, ಸೊಕ್ಕು ಎಂದು ಬೈಯಬೇಡಿ. ಗಾಯದ ಮೇಲೆ ಅರಿಶಿನ ಹಚ್ಚಬೇಡಿ. ಕೊಯ್ದ ಗೆರೆ ಹಣೆಗೆ ಬಂದಿದ್ದರೆ ಮಾಯುವವರೆಗೆ ಅಲ್ಲಿ ವಿಭೂತಿಯೂ ಬೇಡ. ನಂಜು ಎಂದು ಬದನೆಕಾಯಿ, ಬೇಳೆ, ಮೊಸರು ಬಿಡಿಸಬೇಡಿ, ಗಾಯ ಮಾಯಲು ಪೌಷ್ಟಿಕ ಊಟವೇ ಬೇಕು. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ವೈದ್ಯರು ಹೇಳುವವರೆಗೆ ಬೈಕು, ಟ್ರ್ಯಾಕ್ಟರ್ ಓಡಿಸಬಾರದು, ಬಾವಿ-ಕೆರೆಗೆ ಒಬ್ಬರೇ ಹೋಗಬಾರದು. ಕೈಕಾಲು ಸೋತಿದ್ದರೆ ಫಿಸಿಯೋಥೆರಪಿ, ಮಾತು ತೊದಲಿದರೆ ಮಾತಿನ ತರಬೇತಿ ಬೇಗ ಶುರುವಾಗಲಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಗುರುತುಗಳಿವೆ. ಜ್ವರ, ಗಾಯದಿಂದ ಕೀವು ಅಥವಾ ನೀರು ಸೋರುವುದು, ಮೂಗಿನಿಂದ ತಿಳಿನೀರು ತೊಟ್ಟಿಕ್ಕುವುದು, ಕುತ್ತಿಗೆ ಬಿಗಿತ, ಫಿಟ್ಸ್, ಹೆಚ್ಚುತ್ತಿರುವ ತಲೆನೋವು-ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಹೊಸದಾಗಿ ಕೈಕಾಲು ಸೋಲುವುದು, ಒಂದು ಮೀನಖಂಡ ಊದಿ ನೋಯುವುದು, ಏದುಸಿರು. ಇದನ್ನು ಬರೆದು ಗೋಡೆಗೆ ಅಂಟಿಸಿ.

ಕೊನೆಗೆ ಬಯಾಪ್ಸಿ ವರದಿ ಬರುತ್ತದೆ. ಒಳ್ಳೆಯದೇ ಬಂದರೂ ಕಾಲಕಾಲಕ್ಕೆ ಸ್ಕ್ಯಾನ್ ತಪ್ಪಿಸಬೇಡಿ. 4ನೇ ದರ್ಜೆಯ ಗ್ಲಯೋಬ್ಲಾಸ್ಟೋಮಾ ಎಂದು ಬಂದರೆ ಸಾಮಾನ್ಯವಾಗಿ ಆರು ವಾರ, 30 ಸಲ ವಿಕಿರಣ ಚಿಕಿತ್ಸೆ, ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಕೊಡುತ್ತಾರೆ. ಇದರಿಂದ ಕಾಯಿಲೆ ಬೇರುಸಹಿತ ಹೋಗುವುದಿಲ್ಲ, ಆಯುಷ್ಯ ಒಂದಿಷ್ಟು ಸಿಗುತ್ತದೆ. ಅದನ್ನೂ ರೋಗಿಗೆ ಹೇಳಬೇಕೆ? "ನಿಮಗೆ ಎಷ್ಟು ತಿಳಿಯಬೇಕು ಅನಿಸುತ್ತದೆ?" ಎಂದು ಅವರನ್ನೇ ಕೇಳಿ. ಬೇಡ ಎಂದರೆ ಬೇಡ, ಆ ಹಕ್ಕೂ ಅವರದೇ. ಆದರೆ ಬೇಕು ಎಂದವರಿಗೆ ಮುಚ್ಚಬೇಡಿ. ಉಳಿದ ದಿನಗಳಲ್ಲಿ ಮಗಳ ಮದುವೆಯನ್ನೋ ಅಣ್ಣ-ತಮ್ಮಂದಿರ ಜಗಳವನ್ನೋ ಮುಗಿಸಿಕೊಳ್ಳಬೇಕೆಂಬ ಆಸೆ ಅವರಿಗಿರಬಹುದು. ಆ ದಿನಗಳನ್ನು ನಮ್ಮ ಪ್ರೀತಿಯ ಹೆಸರಿನಲ್ಲಿ ಕಸಿಯಬಾರದು.

ತಲೆ ತೆರೆದರೆ ಮನುಷ್ಯ ಉಳಿಯುತ್ತಾನೆಯೇ ಎಂದು ಕೇಳಿದವರಿಗೆ ನನ್ನ ಉತ್ತರ: ಬಹಳಷ್ಟು ಜನ ಉಳಿಯುತ್ತಾರೆ. ಮೊದಲಿನಂತೆ ಆಗುತ್ತಾರೆಯೇ ಎಂಬುದು ಗಡ್ಡೆಯ ಜಾತಿ, ಜಾಗ, ಬಂದ ಹೊತ್ತು ಇವುಗಳ ಮೇಲೆ ನಿಂತಿದೆ. ಏನಾಗಬಹುದೆಂದು ತಿಳಿದು ಒಳಗೆ ಹೋದವರು ಎಚ್ಚರವಾದಾಗ ಒಂಟಿಯಾಗುವುದಿಲ್ಲ. ಅದೊಂದು ನಮ್ಮ ನಿಮ್ಮ ಕೈಯಲ್ಲಿದೆ.

ಆ ತಾಯಿ ಈಗಲೂ ವರ್ಷಕ್ಕೊಮ್ಮೆ ಸ್ಕ್ಯಾನ್‌ಗೆ ಬರುತ್ತಾರೆ. ಚಿತ್ರವನ್ನು ಮೊದಲು ಆಕೆಗೇ ತೋರಿಸುತ್ತೇನೆ, ಆಮೇಲೆ ಗಂಡನಿಗೆ.