ಸಿದ್ದಿ ಬಂಧುಗಳ ನಾಡಿಗೆ ವಿದ್ಯಾರ್ಥಿ ಪ್ರವಾಸ



ದೇಶಾಟನವು ವಿದ್ಯೆಯ ಅಂಗಗಳಲ್ಲೊಂದೆಂದು ಪ್ರಾಚೀನರು ಎಣಿಸಿರುವರು. ಆದರೆ ಕಣ್ಣು ಹೋದಲ್ಲಿಗೆ ಮನಸ್ಸೂ ಹೋಗದಿದ್ದರೆ ಆ ಪ್ರವಾಸವು ಕಾಲಿನ ದಣಿವು ಮಾತ್ರವೇ ಸರಿ. ಅಮೇರಿಕೆಯಲ್ಲಿರುವ ಆಫ್ರಿಕಾ ಮೂಲದ ಜನರ ಚರಿತ್ರೆಯನ್ನು ಇಂದಿನ ವಿದ್ಯಾರ್ಥಿಗಳು ಓದುವರು; ಅಲ್ಲಿ ರಾಜ್ಯಘಟನೆಯ ತಿದ್ದುಪಡಿಯಿಂದ 1865ರಲ್ಲಿ ಗುಲಾಮಗಿರಿಯು ಅಳಿದುದನ್ನೂ ಬಲ್ಲರು. ಅದೇ ಖಂಡದಿಂದ ಅಂಥದೇ ದುರ್ವಿಧಿಗೆ ಸಿಕ್ಕಿ ಬಂದವರ ಸಂತತಿಯು ಕಿತ್ತೂರಿನ ನೆರೆಯಲ್ಲಿಯೇ ಇರುವದನ್ನು ಬಲ್ಲವರು ವಿರಳ. ಅವರೇ ಸಿದ್ದಿಗಳು.

ಹದಿನಾರನೆಯ ಶತಮಾನದಿಂದ ಪೋರ್ತುಗೀಜರು ಪೂರ್ವ ಆಫ್ರಿಕಾದ ಜನರನ್ನು ಹಡಗುಗಳಲ್ಲಿ ತುಂಬಿ ಗೋವೆಗೆ ತಂದು ಮಾರಿದರು. ಅವರಲ್ಲಿ ಅನೇಕರು ಒಡೆಯರಿಂದ ತಪ್ಪಿಸಿಕೊಂಡು ಘಟ್ಟದ ಅಡವಿಯನ್ನು ಹೊಕ್ಕರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ, ಖಾನಾಪುರ, ಕಲಘಟಗಿ ಸೀಮೆಗಳಲ್ಲಿ ಅವರ ವಸತಿಗಳುಂಟು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಇರುವರು. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ. ಪೂರ್ವಜರ ಭಾಷೆಯು ಬಹುಮಟ್ಟಿಗೆ ಮರೆಯಾದರೂ ದಮಾಮಿಯ ನಾದವೂ ಕುಣಿತವೂ ಉಳಿದಿರುವವು.

ಬೈಲಹೊಂಗಲ ಸೀಮೆಯನ್ನು ಹಾಯ್ದು ಸವದತ್ತಿ, ರಾಮದುರ್ಗಗಳಿಗೆ ನೀರು ತರುವ ಮಲಪ್ರಭೆಯು ಹುಟ್ಟುವದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಬಯಲುಸೀಮೆಯವರು ಆ ತಾಲೂಕಿನ ನೀರನ್ನು ಕುಡಿದು, ಅಲ್ಲಿಯ ಜನರನ್ನು ಮಾತ್ರ ಪರದೇಶಿಗಳೆಂದು ಬಗೆಯುವದು ಯಾವ ನ್ಯಾಯ? ಕಿತ್ತೂರಿನ ಋಣವಂತೂ ಇನ್ನೂ ಹಿರಿದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯೊಬ್ಬನಿದ್ದನೆಂದು ಜನಪರಂಪರೆಯು ಹೇಳುವದು. ಕಿತ್ತೂರಿಗಾಗಿ ಹೋರಾಡಿದವನ ಕುಲದವರನ್ನು ಕಂಡು "ನಿಮ್ಮ ದೇಶ ಯಾವುದು?" ಎಂದು ಕಿತ್ತೂರಿನ ವಿದ್ಯಾರ್ಥಿಯು ಕೇಳಿದರೆ ಆ ಪ್ರಶ್ನೆಯು ಕೇಳಿದವನನ್ನೇ ನಾಚಿಸಬೇಕು.

ರಾಜ್ಯಶಾಸನವೂ ಅವರನ್ನು ಬಹುಕಾಲ ಕಾಯಿಸಿತು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಅದು ದೊರೆತುದು 2020ರಲ್ಲಿ. ಕಾಡು ಒಂದೇ, ಕುಲ ಒಂದೇ. ನಡುವಿನ ಜಿಲ್ಲೆಯ ಗೆರೆಯೊಂದು 17 ವರ್ಷ ಅಣ್ಣನಿಗೆ ಕೊಟ್ಟುದನ್ನು ತಮ್ಮನಿಗೆ ಕೊಡಲಿಲ್ಲ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಆ ಸಮಾಜದಿಂದ ಶಾಸನಸಭೆಯನ್ನು ಕಂಡವರಲ್ಲಿ ಮೊದಲಿಗರಾದರು.

ಪ್ರವಾಸಿಗಳು ನೋಡಿ ಕಲಿಯತಕ್ಕ ವಸ್ತುವೊಂದು ಅಲ್ಲಿಯ ಮನೆಮನೆಯಲ್ಲಿಯೂ ಇರುವದು. ಅದು ಕೌದಿ, ಅಲ್ಲಿ ಅದಕ್ಕೆ ಕವಂದಿ ಎನ್ನುವರು. ಸಿದ್ದಿ ಹೆಂಗಳೆಯರು ಹರಿದ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುಸುತ್ತಾಗಿ ನಡುವಿಗೆ ಹೊಲಿಯುತ್ತ ಬರುವರು. ನಾಲ್ಕು ಮೂಲೆಗಳಿಗೆ ಮುಕ್ಕೋಣದ ಮಡಿಕೆಗಳನ್ನಿಟ್ಟು ಅವುಗಳನ್ನು ಹೂವೆಂದು ಕರೆಯುವರು. ಅಮೇರಿಕೆಯ ಅಲಬಾಮಾ ಪ್ರಾಂತದ ಜೀಸ್ ಬೆಂಡ್ ಎಂಬಲ್ಲಿ ಗುಲಾಮರ ಸಂತತಿಯ ಸ್ತ್ರೀಯರೂ ದುಡಿಮೆಯ ಬಟ್ಟೆಗಳಿಂದ ಕೌದಿ ಹೊಲಿದರು. 2006ರಲ್ಲಿ ಅಲ್ಲಿಯ ಸರಕಾರವು ಅವುಗಳ ಚಿತ್ರವನ್ನು ಅಂಚೆಚೀಟಿಗಳಲ್ಲಿ ಅಚ್ಚು ಹಾಕಿಸಿತು. ರಾಮದುರ್ಗದ ನೇಕಾರರ ಮನೆಯ ಮುದುಕಿಯೂ ಕೌದಿಯನ್ನೇ ಹೊದಿಸಿ ಮೊಮ್ಮಗುವನ್ನು ಮಲಗಿಸುವಳು. ಈ ಮೂವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಬಡತನವೂ ತಾಯ್ತನವೂ ಮೂವರಿಗೂ ಒಂದೇ ಸೂಜಿಯನ್ನು ಕೊಟ್ಟಿರುವವು.

ಆದುದರಿಂದ ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಕೂದಲನ್ನೂ ಮೈಬಣ್ಣವನ್ನೂ ದಿಟ್ಟಿಸುವ ಪ್ರೇಕ್ಷಕರಾಗಬಾರದು. ಕೇಳದೆ ಚಿತ್ರ ತೆಗೆಯಬಾರದು. ಉಣ್ಣಲು ಕರೆದರೆ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಕುಣಿತವನ್ನು ನೋಡಲು ಬಯಸುವವರು ಅದಕ್ಕೆ ಮೊದಲು ಅವರ ಹೊಲ, ಶಾಲೆ, ದುಡಿಮೆಗಳ ಮಾತನ್ನು ಕೇಳಬೇಕು. ಕುಲವನ್ನಲ್ಲ, ಕಾಯಕವನ್ನು ಕೇಳುವದೇ ಶರಣರ ನಾಡಿನ ಮರ್ಯಾದೆ. ಕೌದಿಯಲ್ಲಿ ಯಾವ ತುಂಡು ಎಲ್ಲಿಂದ ಬಂದಿತೆಂದು ಚಳಿಯಲ್ಲಿ ಮಲಗಿದವನು ಕೇಳುವದಿಲ್ಲ. ಕನ್ನಡನಾಡೂ ಅಂಥದೊಂದು ಕೌದಿ; ಸಿದ್ದಿಗಳು ಅದರ ಹೊರಗಿನವರಲ್ಲ, ಅದನ್ನು ಹಿಡಿದಿಟ್ಟ ಹೊಲಿಗೆಯವರು.